ಲಿನಕ್ಸ್‌ನಲ್ಲಿ ಪ್ಲಗಿನ್ ಫೈಲ್ ಕಾಪಿ ಮಾಡಿದರೂ ಫೈರ್‌ಫಾಕ್ಸ್‌ನಲ್ಲಿ ಕಾಣಿಸುತ್ತಿಲ್ಲ, ಏನು ಮಾಡಲಿ?

ಡಾಟ್ ಎಸ್‌ಒ (.so) ಅನ್ನುವ ಪ್ಲಗಿನ್ ಫೈಲನ್ನು ಪ್ಲಗಿನ್ಸ್ ಫೋಲ್ಡರಿಗೆ ಹಾಕಿದೆ, ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಕೊಟ್ಟು ಬ್ರೌಸರ್ ತೆರೆದೂ ನೋಡಿದೆ, ಏನೂ ಬದಲಾಗಲಿಲ್ಲ ಅಂದಿದ್ದೀರಿ. ನೀವು ಫೈಲ್ ಕಾಪಿ ಮಾಡಿದ್ದರಲ್ಲಿ ತಪ್ಪಿಲ್ಲ, ಓದಿದ ಸೂಚನೆ ತುಂಬಾ ಹಳೆಯದು ಅಷ್ಟೇ.

ಆ ಫೈಲುಗಳು ಎನ್‌ಪಿಎಪಿಐ ಅನ್ನುವ ಹಳೆಯ ಪ್ಲಗಿನ್ ವ್ಯವಸ್ಥೆಗೆ ಸೇರಿದವು. ಲಿನಕ್ಸ್‌ನ ಕ್ರೋಮ್ ಅದನ್ನು 2014ರಲ್ಲೇ ಕೈಬಿಟ್ಟಿತು. ಫೈರ್‌ಫಾಕ್ಸ್ 2017ರಲ್ಲಿ, 52ನೇ ಆವೃತ್ತಿಯಲ್ಲಿ, ಫ್ಲ್ಯಾಶ್ ಒಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬಾಗಿಲು ಹಾಕಿತು. 2021ರ ಜನವರಿಯಲ್ಲಿ ಫ್ಲ್ಯಾಶ್ ಕೂಡ ಹೋಯಿತು. ಈಗ ಪ್ಲಗಿನ್ಸ್ ಪುಟದಲ್ಲಿ ಕಾಣುವ ಓಪನ್‌ಎಚ್264 (ವಿಡಿಯೊಗೆ), ವೈಡ್‌ವೈನ್ (ನಕಲು ತಡೆ ಇರುವ ವಿಡಿಯೊಗೆ) ಎರಡನ್ನೂ ಫೈರ್‌ಫಾಕ್ಸ್ ತಾನೇ ಇಳಿಸಿಕೊಳ್ಳುತ್ತದೆ. ವೈಡ್‌ವೈನ್‌ಗೆ ಸೆಟ್ಟಿಂಗ್ಸ್‌ನಲ್ಲಿ ಡಿಆರ್‌ಎಂ, ಅಂದರೆ ಆ ನಕಲು ತಡೆಯ ವ್ಯವಸ್ಥೆಯನ್ನು, ಆನ್ ಮಾಡಿದರೆ ಸಾಕು. ಉಳಿದದ್ದೆಲ್ಲ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ. ಮೆನುವಿನ ಆಡ್‌-ಆನ್ಸ್ ಪುಟದಲ್ಲಿ ಹುಡುಕಿ ಹಾಕಿಕೊಳ್ಳಿ. ಅದು ನಿಮ್ಮ ಪ್ರೊಫೈಲ್ (ನಿಮ್ಮ ಬ್ರೌಸರ್ ಸೆಟ್ಟಿಂಗ್ಸ್ ಇರುವ ಫೋಲ್ಡರ್) ಒಳಗೆ ಕೂರುತ್ತದೆ, ಅಡ್ಮಿನ್ ಪಾಸ್‌ವರ್ಡ್ ಬೇಕಾಗುವುದೇ ಇಲ್ಲ.

ಸುಡೋ ವಿಷಯ ಮಾತ್ರ ಗಂಭೀರ. ವರ್ಷಗಳ ಹಿಂದೆ ನಾನೂ ಹೀಗೇ ಮಾಡಿದ್ದೆ. ಮಾರನೆಯ ದಿನ ಮಾಮೂಲಿಯಾಗಿ ಬ್ರೌಸರ್ ತೆರೆದರೆ, ಪ್ರೊಫೈಲ್ ಲೋಡ್ ಆಗುತ್ತಿಲ್ಲ ಅನ್ನುವ ಸಂದೇಶ. ಸುಡೋ ಕೊಟ್ಟು ತೆರೆದಿದ್ದರಿಂದ, ನನ್ನ ಹೋಮ್ ಫೋಲ್ಡರಿನ ಫೈಲುಗಳಿಗೆ ರೂಟ್, ಅಂದರೆ ಸಿಸ್ಟಂನ ಅಡ್ಮಿನ್, ಒಡೆಯನಾಗಿ ಕೂತಿದ್ದ! ನಿಮಗೂ ಹಾಗಾಗಿದೆಯಾ ನೋಡಿ. ಹೋಮ್ ಫೋಲ್ಡರಿನಲ್ಲಿ ಸಾಮಾನ್ಯವಾಗಿ ಡಾಟ್ ಮೊಝಿಲಾ (.mozilla) ಅನ್ನುವ ಅಡಗಿದ ಫೋಲ್ಡರ್ ಇರುತ್ತದೆ, ಪ್ರೊಫೈಲ್ ಇರುವುದು ಅದರಲ್ಲೇ. ಟರ್ಮಿನಲ್‌ನಲ್ಲಿ ಎಲ್‌ಎಸ್ ಮೈನಸ್ ಎಲ್ (ls -l) ಕೊಟ್ಟಾಗ ಅದರ ಒಳಗೆ ಎಲ್ಲಾದರೂ ರೂಟ್ ಹೆಸರು ಕಂಡರೆ, ಬ್ರೌಸರ್ ಮುಚ್ಚಿ, ಒಡೆತನ ಬದಲಿಸುವ ಚೌನ್ (chown) ಕಮಾಂಡಿನಿಂದ ಆ ಇಡೀ ಫೋಲ್ಡರನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಇದರಲ್ಲಿ ಸುಡೋ ಬೇಕಿರುವುದು ಆ ಒಂದು ಕಮಾಂಡಿಗೆ ಮಾತ್ರ. ನಿಮ್ಮದು ಸ್ನ್ಯಾಪ್ (ಉಳಿದ ಸಿಸ್ಟಂನಿಂದ ಬೇರ್ಪಡಿಸಿಟ್ಟ ಪ್ಯಾಕೇಜ್) ಫೈರ್‌ಫಾಕ್ಸ್ ಆದರೆ ಪ್ರೊಫೈಲ್ ಇರುವುದು ಸ್ನ್ಯಾಪ್ ಫೋಲ್ಡರಿನ ಒಳಗೆ. ಉಬುಂಟು 22.04ರಿಂದ ಫೈರ್‌ಫಾಕ್ಸ್ ಬರುವುದೇ ಸ್ನ್ಯಾಪ್ ಆಗಿ, ಹಾಗಾಗಿ ಜನ ಜಾಸ್ತಿ ಎಡವುವುದು ಇಲ್ಲೇ.

ಎಕ್ಸ್‌ಟೆನ್ಷನ್ ಬಂತು, ಐಕಾನ್ ಕಂಡಿತು, ಆದರೂ ಕೆಲಸ ಮಾಡುತ್ತಿಲ್ಲವಾ? ಅದಕ್ಕೆ ಹೊರಗಿನ ಪ್ರೋಗ್ರಾಂ ಒಂದರ ಜೊತೆ ಮಾತಾಡಬೇಕಿರಬಹುದು. ಪಾಸ್‌ವರ್ಡ್ ಕೂಡಿಡುವ ಕೀಪಾಸ್‌ಎಕ್ಸ್‌ಸಿಯದು ಹಾಗೆಯೇ. ಗ್ನೋಮ್ ಶೆಲ್ ಅನ್ನುವ ಡೆಸ್ಕ್‌ಟಾಪ್‌ನದಕ್ಕೆ ಕನೆಕ್ಟರ್ ಅನ್ನುವ ಪ್ಯಾಕೇಜನ್ನೂ ಬೇರೆಯಾಗಿ ಹಾಕಬೇಕು. ಅದನ್ನು ಮಾತ್ರ ನಿಮ್ಮ ಡಿಸ್ಟ್ರೋದ (ಉಬುಂಟುವಿನಂಥ ಲಿನಕ್ಸ್ ಬಗೆಯ) ಪ್ಯಾಕೇಜ್ ಮ್ಯಾನೇಜರಿನಿಂದಲೇ ಹಾಕಿ. ಬ್ರೌಸರ್ ಸ್ನ್ಯಾಪ್ ಅಥವಾ ಅಂಥದ್ದೇ ಆದ ಫ್ಲ್ಯಾಟ್‌ಪ್ಯಾಕ್ ಆಗಿದ್ದರೆ ಅದರ ಸುತ್ತ ಬೇಲಿ ಇರುತ್ತದೆ, ಹೊರಗಿನ ಪ್ರೋಗ್ರಾಂ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಗಂಟೆಗಟ್ಟಲೆ ಗುದ್ದಾಡಿದ ಮೇಲೆ ನಾನು ಫೈರ್‌ಫಾಕ್ಸ್ ಮಾಡುವ ಮೊಝಿಲಾದವರದೇ ಡೆಬ್ (ಬೇಲಿ ಇಲ್ಲದ ಮಾಮೂಲಿ) ಪ್ಯಾಕೇಜಿಗೆ ಬದಲಾದೆ.

ಕಾಪಿ ಮಾಡಿದ ಆ ಎಸ್‌ಒ ಫೈಲನ್ನು ಅಳಿಸಿಬಿಡಿ. ಸುಮ್ನೆ ಯಾಕೆ ಇರಬೇಕು, ಅಲ್ವಾ?