ನಿಮ್ಮ ಕಾಡಿನ ಜನಕ್ಕೆ ನೆರೆಹೊರೆಯೇ ಇಲ್ಲವಲ್ಲ!

ನೀವು ಕಳಿಸಿದ ಪುಟಗಳನ್ನು ಎರಡು ಸಲ ಓದಿದೆ ಸಾರ್. ಕಾದಂಬರಿಗಾಗಿ ನೀವು ಕಟ್ಟುತ್ತಿರುವ ಜನಾಂಗ ಕಬಿನಿ ಹಿನ್ನೀರಿನಾಚೆ, ಕಾಡಿನ ನಟ್ಟನಡುವೆ ಇದೆ. ಅವರದೇ ಭಾಷೆ, ಒಬ್ಬಳು ತಾಯಿದೇವತೆ, ಹುಣ್ಣಿಮೆಯ ದಿನ ಜೇನು ಇಳಿಸಿ ಬೆಂಕಿಯ ಸುತ್ತ ಕುಣಿತ, ಹೊರಗಿನವರ ಮುಖವನ್ನೇ ನೋಡದ ಒಬ್ಬ ಮುದುಕ. ‘ನೀವು ಎಚ್.ಡಿ. ಕೋಟೆ ಕಡೆಯವರು, ಸರಿಯಾಗಿದೆಯಾ ಹೇಳಿ’ ಅಂದಿದ್ದೀರಿ. ಕೇಳಿದ ಮೇಲೆ ಹೇಳಬೇಕಲ್ಲ. ಆದರೆ ಒಂದು ಮಾತು ಮೊದಲೇ: ನಾನು ಹಾಡಿಯವನಲ್ಲ, ಅಂದರೆ ಬುಡಕಟ್ಟಿನವರ ಕೇರಿಯವನಲ್ಲ. ಅಂತರಸಂತೆ ಕಡೆಯ ಒಬ್ಬ ಅಂಗಡಿಯವನ ಮಗ. ನಮ್ಮ ಕಾಡಿನ ಬುಡಕಟ್ಟಿನವರಾದ ಜೇನುಕುರುಬರನ್ನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ನೋಡುತ್ತ ಬೆಳೆದವನು. ನನ್ನ ಮಾತಿಗೆ ಅಷ್ಟೇ ತೂಕ.

ಮೊದಲು ಹುಣ್ಣಿಮೆಯನ್ನು ತೆಗೆದುಬಿಡಿ. ಹೆಜ್ಜೇನು ಇಳಿಸುವುದು ಕತ್ತಲಲ್ಲಿ. ಬೆಳದಿಂಗಳಿದ್ದರೆ ಹುಳಕ್ಕೆ ಕಣ್ಣು ಕಾಣುತ್ತದೆ, ಮೇಲೆ ಹತ್ತಿದವನ ಗತಿ ಮುಗಿಯಿತು. ಚಿಕ್ಕವನಿದ್ದಾಗ ಒಂದು ಸಲ ಹಠ ಮಾಡಿ ಜೊತೆಗೆ ಹೋಗಿದ್ದೆ. ನನ್ನನ್ನು ದೂರದಲ್ಲೇ ಒಂದು ಮರದ ಬುಡದಲ್ಲಿ ಕೂರಿಸಿ, ಮೈತುಂಬ ಕಂಬಳಿ ಹೊದಿಸಿ, ‘ಉಸ್ರು ಬುಡ್ಬೇಡ’ ಅಂದಿದ್ದರು. ಒಣ ಹುಲ್ಲಿನ ಸುತ್ತ ಹಸಿ ಸೊಪ್ಪು ಕಟ್ಟಿದ ಸೂಡಿಯಿಂದ ದಟ್ಟ ಹೊಗೆ ಏಳುತ್ತಿತ್ತು. ಮೇಲಿದ್ದವನು ಅದನ್ನು ಕೊಂಬೆಗೆ ಒಮ್ಮೆ ಉಜ್ಜಿದ. ಕಿಡಿಗಳು ಜೊಳಜೊಳ ಉದುರಿದವು, ಆ ಬೆಳಕಿನ ಹಿಂದೆಯೇ ಹುಳಗಳು ‘ಗುಂಯ್’ ಅಂತ ನೆಲಕ್ಕಿಳಿದವು. ಅಷ್ಟು ಹೊತ್ತೂ ಮೇಲಿನಿಂದ ಒಂದು ಹಾಡು ಕೇಳುತ್ತಲೇ ಇತ್ತು. ಜೇನನ್ನು ಮಾತಾಡಿಸುವ, ಸಮಾಧಾನ ಹೇಳುವ ಧಾಟಿ. ನಿಮ್ಮ ಪುಟಗಳಲ್ಲಿ ಹಾಡು ಊಟವಾದ ಮೇಲೆ, ಮನರಂಜನೆಗೆ ಬರುತ್ತದೆ. ಇಲ್ಲಿ ಅದು ಕೆಲಸದೊಳಗಿನ ಹಾಡು, ಸೂಡಿ ಎಷ್ಟು ಮುಖ್ಯವೋ ಅದೂ ಅಷ್ಟೇ. ಇನ್ನು ಜೇನು ಯಾವಾಗಲೂ ಸಿಹಿ ಅಂತ ಬರೆದಿದ್ದೀರಿ. ನೇರಳೆ ಹೂ ಬಿಟ್ಟ ಕಾಲದ ಜೇನು ನಾಲಗೆಗೆ ಕಹಿ ಹತ್ತುತ್ತದೆ. ಗಿರಾಕಿಗಳು ಅದನ್ನು ನಕಲಿ ಅಂದುಕೊಂಡು ವಾಪಸ್ ತರುತ್ತಿದ್ದರು!

ಈಗ ನಿಜವಾದ ತಕರಾರಿಗೆ ಬರುತ್ತೇನೆ. ನಿಮ್ಮ ಜನಾಂಗಕ್ಕೆ ದೇವರಿದೆ, ಭಾಷೆಯಿದೆ, ಎಲ್ಲಾ ಇದೆ. ನೆರೆಹೊರೆಯವರು ಮಾತ್ರ ಇಲ್ಲ. ಸಾಲ ಕೊಟ್ಟವನಿಲ್ಲ, ಹೆಸರಿಟ್ಟವನಿಲ್ಲ, ಬೈಸಿಕೊಳ್ಳುವವನೂ ಇಲ್ಲ.

ಹೆಸರಿನ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ತಾಲ್ಲೂಕಿನ ತುದಿಯಲ್ಲಿ ಡಿ.ಬಿ. ಕುಪ್ಪೆ ಇದೆ, ಬೈರಕುಪ್ಪೆ. ಎದುರಿಗೆ ಕಬಿನಿ ಹೊಳೆ, ಹೊಳೆಯಾಚೆ ಕೇರಳದ ಮರಕ್ಕಡವು, ಪೆರಿಕ್ಕಲ್ಲೂರು. ದೋಣಿ ಹತ್ತಿದರೆ ಬೀಡಿ ಸೇದಿ ಮುಗಿಯುವುದರೊಳಗೆ ಇನ್ನೊಂದು ರಾಜ್ಯ. ಈಚೆ ದಡದಲ್ಲಿ ಸರ್ಕಾರದ ಪಟ್ಟಿಯಲ್ಲಿ ಜೇನುಕುರುಬ ಅಂತ ಇರುವವರ ನೆಂಟರು ಆಚೆ ದಡದ ಪಟ್ಟಿಯಲ್ಲಿ ಕಾಟ್ಟುನಾಯ್ಕನ್. ಮದುವೆಗೆ, ಸಾವಿಗೆ ಹೊಳೆ ಅಡ್ಡ ಬರುವುದಿಲ್ಲ, ಜಾತಿ ಸರ್ಟಿಫಿಕೇಟಿಗೆ ಬರುತ್ತದೆ. ಯರವರು ಅಂತ ಇನ್ನೊಂದು ಬುಡಕಟ್ಟು, ಅವರದು ಇನ್ನೂ ವಿಚಿತ್ರ. ಕೊಡಗಿನಲ್ಲಿ ಪಂಜಿರಿ ಯರವ ಅನ್ನಿಸಿಕೊಳ್ಳುವವರು ವಯನಾಡಿನಲ್ಲಿ ಅಡಿಯ. ಅಡಿಯ ಅಂದರೆ ಆಳು. ತಮ್ಮನ್ನು ತಾವು ಕರೆದುಕೊಳ್ಳುವುದು ಮಾತ್ರ ರಾವುಳ ಅಂತ. ಮೂರು ಹೆಸರಿನಲ್ಲಿ ಎರಡು ಇನ್ನೊಬ್ಬರು ಇಟ್ಟವು. ನಿಮ್ಮ ಜನರಿಗೆ ನೀವಿಟ್ಟಿರುವ ಚೆಂದದ ಹೆಸರನ್ನು ಯಾರು ಇಟ್ಟರು? ಅವರೇನಾ, ಪಕ್ಕದ ಊರಿನ ಗೌಡರಾ, ಇಲ್ಲಾ ಜನಗಣತಿಗೆ ಬಂದ ಮೇಷ್ಟ್ರಾ? ಇದನ್ನು ಬರೆದರೆ ಅರ್ಧ ಕಥೆ ತಾನಾಗಿ ಬರುತ್ತದೆ.

ದೇವರ ವಿಷಯವೂ ಹಾಗೇ. ನಿಮ್ಮ ತಾಯಿದೇವತೆ ತೀರಾ ಗಂಭೀರ. ತಿತಿಮತಿ ಹತ್ತಿರದ ದೇವರಪುರಕ್ಕೆ ಮೇ ತಿಂಗಳಲ್ಲಿ ಹೋಗಿ ನೋಡಿ. ಅದು ಕೊಡಗು, ಆದರೆ ಕಾಡಿಗೆ ಜಿಲ್ಲೆಯ ಲೆಕ್ಕ ಗೊತ್ತಿಲ್ಲ. ಎಸ್ಟೇಟುಗಳಿಂದ ಜೇನುಕುರುಬರು, ಯರವರು ಗುಂಪುಗುಂಪಾಗಿ ಹೊರಡುತ್ತಾರೆ. ಗಂಡಸರು ಸೀರೆ, ನೈಟಿ ತೊಟ್ಟಿರುತ್ತಾರೆ, ಮುಖಕ್ಕೆ ಬಣ್ಣ, ಕೈಯಲ್ಲಿ ಸೋರೆ ಬುರುಡೆ ಇಲ್ಲವೇ ಪ್ಲಾಸ್ಟಿಕ್ ಡ್ರಮ್ಮು. ದಾರಿಯಲ್ಲಿ ಸಿಕ್ಕ ಕಾರು, ಬಸ್ಸು, ಅಂಗಡಿ ಎಲ್ಲವನ್ನೂ ತಡೆದು ಕಾಸು ಕೇಳುತ್ತಾರೆ. ಹಾಡಿನ ತುಂಬ ಸೊಂಟದ ಕೆಳಗಿನ ಬೈಗುಳ. ಹಬ್ಬದ ಹೆಸರೇ ಕುಂಡೆ ಹಬ್ಬ, ಬಿಡಿಸಿ ಹೇಳಬೇಕಿಲ್ಲ. ಸಾಲ ಕೊಟ್ಟ ಸಾಹುಕಾರನೂ ಆ ದಿನ ಬೈಸಿಕೊಂಡು ನಗುತ್ತ ನೋಟು ಬಿಚ್ಚಬೇಕು.

ಬೈಗುಳದ ಕೊನೆಯ ಪಾಲು ದೇವರಿಗೇ. ಅವರು ಹೇಳುವ ಕಥೆ ಇಷ್ಟು: ಅಯ್ಯಪ್ಪ ಇವರನ್ನು ಬೇಟೆಗೆ ಕರೆದುಕೊಂಡು ಹೋದನಂತೆ. ಅಲ್ಲಿ ಭದ್ರಕಾಳಿ ಕಣ್ಣಿಗೆ ಬಿದ್ದಳು. ಇವರನ್ನು ನಡುಕಾಡಿನಲ್ಲಿ ಬಿಟ್ಟು ಅವಳ ಹಿಂದೆ ಹೋದವನು ತಿರುಗಿಯೇ ನೋಡಲಿಲ್ಲ. ಅದಕ್ಕೇ ವರ್ಷಕ್ಕೊಂದು ದಿನ ಅವನ ಗುಡಿಯ ಮುಂದೆ ನಿಂತು ಮನಸಾರೆ ಬೈದು, ಆಮೇಲೆ ‘ತಪ್ಪಾಯ್ತು’ ಅಂತ ಕೈಮುಗಿದು ಹೋಗುವುದು. ಇಲ್ಲಿ ಭಕ್ತಿ ಇಲ್ಲ ಅಂತ ಯಾರಾದರೂ ಅಂದರೆ ಅವರು ಮನೆಮಂದಿಯನ್ನು ಬೈದು ಗೊತ್ತಿಲ್ಲದವರು.

ಸೋಲಿಗರು ಅನ್ನುವ ಬುಡಕಟ್ಟಿನವರು ಇನ್ನೊಂದು ದಾರಿ ಹಿಡಿದರು. ಬಿಳಿಗಿರಿರಂಗನ ಬೆಟ್ಟ 1997ರವರೆಗೆ ನಮ್ಮ ಮೈಸೂರು ಜಿಲ್ಲೆಯೇ, ಆಮೇಲೆ ಚಾಮರಾಜನಗರಕ್ಕೆ ಹೋಯಿತು. ಅಲ್ಲಿನ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಅನ್ನುವುದು ಅವರ ಹಾಡು. ಹಾಗಾಗಿ ಅವನು ಅವರಿಗೆ ‘ರಂಗಭಾವ’. ಕೆಳಗಿನ ಊರುಗಳವರಿಗೆ ಸ್ವಾಮಿ, ಇವರಿಗೆ ಅಕ್ಕನ ಗಂಡ. ನಮ್ಮ ಕಡೆ ಭಾವನ ಜೊತೆ ಎಷ್ಟು ತಮಾಷೆ, ಎಷ್ಟು ಸಲಿಗೆ ಅಂತ ನಿಮಗೇ ಗೊತ್ತು. ದೇವರು ಹೊರಗಿನವನೇ ಇರಬಹುದು. ಅವನನ್ನು ಯಾವ ನೆಂಟಸ್ತಿಕೆಯಲ್ಲಿ ಒಳಗೆ ಸೇರಿಸಿಕೊಂಡರು ಅನ್ನುವುದರಲ್ಲೇ ರುಚಿ ಇರುವುದು.

ಆನೆ ಪಳಗಿಸಲು ನಿಮ್ಮವರಿಗೆ ಸಾವಿರ ವರ್ಷದ ಗುಪ್ತಭಾಷೆ ಕೊಟ್ಟಿದ್ದೀರಿ. ಓದಿ ನಗು ಬಂತು, ಬೇಜಾರಾಗಬೇಡಿ. ನಮ್ಮ ಬಳ್ಳೆ ಆನೆ ಕ್ಯಾಂಪಿನಲ್ಲಿ ಮಾವುತರು, ಅವರ ಸಹಾಯಕರಾದ ಕಾವಾಡಿಗಳಲ್ಲಿ ಜೇನುಕುರುಬರೇ ಹೆಚ್ಚು. ಆದರೆ ಆನೆಗೆ ಅಪ್ಪಣೆ ಕೊಡುವ ಮಾತುಗಳಲ್ಲಿ ಬಹಳಷ್ಟು ಹಿಂದೂಸ್ತಾನಿ. ಕೂರಿಸಲು ‘ಬೈಟ್’ ಅನ್ನುತ್ತಾರೆ. ಮನೆಯಲ್ಲಿ ಜೇನುನುಡಿ, ಸಂತೆಯಲ್ಲಿ ಕನ್ನಡ, ಶುಂಠಿ ಹೊಲದಲ್ಲಿ ಮಲಯಾಳ, ಆನೆಯ ಹತ್ತಿರ ಉರ್ದು. ಕಾಕನಕೋಟೆಯಲ್ಲಿ ಕಾಡಾನೆಗಳ ಹಿಂಡನ್ನು ಅಟ್ಟಿ ಹಿಡಿಯುವ ಖೆಡ್ಡಾ ನಡೆಯುತ್ತಿತ್ತಲ್ಲ, ಕೊನೆಯದು 1971ರಲ್ಲಿ. 1974ಕ್ಕೆ ಕಬಿನಿ ಅಣೆಕಟ್ಟು ಮುಗಿದು ಆ ಜಾಗಕ್ಕೆ ನೀರು ಬಂತು. ಆನೆಯನ್ನು ಕಾಡಿನಿಂದ ಅರಮನೆಗೆ ಮುಟ್ಟಿಸಿದ ಕೈಗಳು ಮಾತ್ರ ಇವತ್ತಿಗೂ ಅದೇ ಹಾಡಿಗಳವು. ದಸರಾ ಬಂದರೆ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತದೆ. ಮಾವುತರ ಹೆಂಡಿರು ಮಕ್ಕಳೂ ಅರಮನೆ ಆವರಣದ ಟೆಂಟುಗಳಿಗೆ ಬರುತ್ತಾರೆ, ಮಕ್ಕಳಿಗೆ ಅಲ್ಲೇ ಒಂದು ಟೆಂಟ್ ಶಾಲೆ. ಬಳ್ಳೆಯ ಆನೆ ಅರ್ಜುನ 2012ರಿಂದ 2019ರವರೆಗೆ 750 ಕೆಜಿಯ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯ ಕಾಡಿನಲ್ಲಿ ಕಾಡಾನೆ ಹಿಡಿಯುವಾಗ ಸತ್ತ. ಅಂದು ನಮ್ಮೂರ ಸರ್ಕಲ್ಲಿನಲ್ಲಿ ಟೀ ಅಂಗಡಿಯವನೂ ಸ್ಟವ್ ಆರಿಸಿ ಕೂತಿದ್ದ.

ಇನ್ನು ಹಾಡಿಯ ಕಥೆಗಳಿಗೆ ಈಗ ಇನ್ನೊಂದು ಕೆಲಸ ಬಂದಿದೆ, ಅದು ನಿಮ್ಮ ಊಹೆಗೂ ಬಂದಿರಲಾರದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅಲ್ಲಿದ್ದೇವೆ ಅಂತ ತೋರಿಸಬೇಕು. ಪಟ್ಟಾ ಇಲ್ಲದವರು ಏನು ತೋರಿಸುತ್ತಾರೆ? ಸಮಾಧಿ ಜಾಗ, ದೇವರ ಜಾಗ, ಹಳೇ ಬಾವಿ ಇವೂ ಸಾಕ್ಷಿಯೇ. ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷಿಯೇ. ನಮ್ಮಜ್ಜನನ್ನು ಇಂಥ ಮತ್ತಿಮರದ ಬುಡದಲ್ಲಿ ಮಣ್ಣು ಮಾಡಿದೆವು ಅನ್ನುವ ಮಾತು ಈಗ ಗ್ರಾಮಸಭೆಯ ಕಡತದಲ್ಲಿ ಕೂರುತ್ತದೆ. ನಿಮ್ಮ ಮುದುಕನನ್ನು ಬೆಂಕಿ ಮುಂದೆ ಕೂರಿಸಿ ಮೊಮ್ಮಕ್ಕಳಿಗೆ ಕಥೆ ಹೇಳಿಸುವ ಬದಲು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಕಾರ್ಯದರ್ಶಿಗೆ ಹೇಳಿಸಿ. ಕಥೆ ಅದೇ, ಕೇಳುವವನು ಬೇರೆ.

ಕೊನೆಗೆ ನಮ್ಮ ಅಂಗಡಿ. ಒಬ್ಬಳು ಅಜ್ಜಿ ಬಿಯರ್ ಬಾಟಲಿಯಲ್ಲಿ ಜೇನು ತುಂಬಿ, ಬಾಯಿಗೆ ಸೊಪ್ಪು ತುರುಕಿ, ಮಡಿಲಲ್ಲಿ ನಾಲ್ಕು ನೂರೆ ಗೆಣಸು ಕಟ್ಟಿಕೊಂಡು ಬರುತ್ತಿದ್ದಳು. ಬದಲಿಗೆ ರಾಗಿ, ಉಪ್ಪು, ಹೊಗೆಸೊಪ್ಪು. ನಮ್ಮಪ್ಪ ಒಳ್ಳೆಯವನೇ, ಆದರೆ ಅವಳಿಗೆ ರಾಗಿ ಅಳೆಯುವಾಗ ಸೇರಿನ ಮೇಲೆ ಅಂಗೈ ಆಡಿಸಿ ಗೋಪುರವನ್ನು ಕೆಡವಿಬಿಡುತ್ತಿದ್ದ. ಊರಿನ ಹೆಂಗಸರಿಗೆ ಹಾಗೆ ಮಾಡುತ್ತಿರಲಿಲ್ಲ. ಅಜ್ಜಿ ಆ ಅಂಗೈಯನ್ನೇ ನೋಡುತ್ತ, ನಗುಮುಖದಲ್ಲೇ ಮೆಲ್ಲಗೆ ಏನೋ ಹಾಡಿಕೊಳ್ಳುತ್ತಿದ್ದಳು. ಜೊತೆಗೆ ಬಂದ ಹುಡುಗ ಬಾಯಿ ಮುಚ್ಚಿಕೊಂಡು ಕಿಸಕ್ಕನೆ ನಗುತ್ತಿದ್ದ. ಅವನು ನನ್ನ ಕ್ಲಾಸಿನವನೇ. ‘ಏನ್ಲಾ ಅಂದ್ಳು?’ ಅಂತ ಎಷ್ಟು ಸಲ ಕೇಳಿದರೂ ಹೇಳಲಿಲ್ಲ. ಕುಂಡೆ ಹಬ್ಬಕ್ಕೆ ಮೊದಲ ಸಲ ಹೋದಾಗ ಆ ಧಾಟಿಯನ್ನು ಗುರುತು ಹಿಡಿದೆ.

ಬರುವುದಾದರೆ ಬೆಳಗ್ಗೆಯೇ ಮೈಸೂರು ಬಿಡಿ. ಮಾನಂದವಾಡಿ ರಸ್ತೆಯ ಗೇಟು ಸಂಜೆ ಆರಕ್ಕೆ ಬಿದ್ದರೆ ಮತ್ತೆ ತೆಗೆಯುವುದು ಬೆಳಗ್ಗೆ ಆರಕ್ಕೇ. ಅಂಗಡಿ ಈಗಲೂ ಇದೆ, ಈಗ ಡಿಜಿಟಲ್ ತಕ್ಕಡಿ.