ಪ್ಯಾರಿಸ್‌ನ ಪೇರ್ ಲಾಶೇಸ್ ಸ್ಮಶಾನ ನೋಡೋಕೆ ಅಷ್ಟು ಜನ ಯಾಕೆ ಹೋಗ್ತಾರೆ? ಅಲ್ಲಿ ಈಗ್ಲೂ ಹೂಳ್ತಾರಾ?
ಹೆಸರಾಂತ ಜನರ ಸಮಾಧಿ ಅಲ್ಲಿವೆ, ಅದನ್ನ ನೋಡೋಕೆ ಹೋಗ್ತಾರೆ. ಈಗ್ಲೂ ಹೂಳ್ತಾರೆ, ಆದ್ರೆ ಜಾಗ ಸಿಗೋದು ಬಹಳ ಕಷ್ಟ.

ಮುಂಚೆ ಪ್ಯಾರಿಸ್‌ನಲ್ಲಿ ಚರ್ಚ್ ಪಕ್ಕದಲ್ಲೇ ಹೂಳ್ತಿದ್ರು, ಹೆಣದ ಮೇಲೆ ಹೆಣ ಹಾಕಿ ಹಾಕಿ ಊರ ಮಧ್ಯದ ಇನೊಸೆಂಟ್ಸ್ ಸ್ಮಶಾನ ಎಷ್ಟು ತುಂಬಿತ್ತು ಅಂದ್ರೆ 1780ರಲ್ಲಿ ಪಕ್ಕದ ಮನೆ ನೆಲಮಾಳಿಗೆಯ ಗೋಡೆನೇ ಕುಸಿದು ಹೆಣಗಳು ಒಳಗೆ ಬಂದ್ಬಿಟ್ವು, ಆಮೇಲೆ ಅದನ್ನ ಮುಚ್ಚಿ ಮೂಳೆನೆಲ್ಲ ಹಳೇ ಕಲ್ಲುಗಣಿ ಸುರಂಗಕ್ಕೆ ಸಾಗಿಸಿದ್ರು. 1804ರಲ್ಲಿ ಆಗಿನ ಊರಾಚೆ ಗುಡ್ಡದ ಮೇಲೆ ಪೇರ್ ಲಾಶೇಸ್ ಶುರುವಾಯ್ತು. ದೂರ ಅಂತ ಜನ ಬರ್ಲಿಲ್ಲ, ಅದಕ್ಕೆ 1817ರಲ್ಲಿ ನಾಟಕಕಾರ ಮೊಲಿಯೇರ್‌ದು ಅಂತ ಹೇಳೋ ಅಸ್ಥಿ ತಂದಿಟ್ರು, ಪಕ್ಕಾ ಮಾರ್ಕೆಟಿಂಗ್! ಅಲ್ಲಿಂದ ಡಿಮ್ಯಾಂಡೋ ಡಿಮ್ಯಾಂಡು.

ಈಗ ಹೆಚ್ಚಾಗಿ ಜಾಗನ ಇಷ್ಟು ವರ್ಷಕ್ಕೆ ಅಂತ ಕೊಡ್ತಾರೆ, ರಿನ್ಯೂ ಮಾಡ್ದಿದ್ರೆ ಮೂಳೆ ತೆಗೆದು ಬೇರೆಯವ್ರಿಗೆ ಕೊಡಬಹುದು. 1889ರಿಂದ ಅಲ್ಲೇ ದಹನನೂ ಇದೆ, ಬೂದಿ ಇಡೋ ಗೂಡುಗಳ ಸಾಲು ತಪ್ಪದೇ ನೋಡಿ.

ಎಂಟ್ರಿ ಫ್ರೀ. ಲೇಖಕ ಆಸ್ಕರ್ ವೈಲ್ಡ್ ಸಮಾಧಿಗೆ ಲಿಪ್‌ಸ್ಟಿಕ್ ಮುತ್ತು ಕೊಟ್ಟೂ ಕೊಟ್ಟೂ ಕಲ್ಲೇ ಹಾಳಾಗಿ 2011ರಲ್ಲಿ ಗಾಜಿನ ತಡೆ ಹಾಕಿದಾರೆ. ಇಳಿಜಾರು, ಕಲ್ಲುಹಾಸು ದಾರಿ, ಶೂ ಹಾಕ್ಕೊಂಡೇ ಹೋಗಿ, ಮ್ಯಾಪ್ ಇಲ್ದೆ ಒಂದು ಸಮಾಧಿನೂ ಸಿಗಲ್ಲ.