ಬ್ಯಾಗಿಗೆ ಅಳತೆ ಬೇಡ, ನಿಮಗೆ ಬೇಕು

ದಾವಣಗೆರೆಯಿಂದ ಬಂದು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ 29 ವರ್ಷದ ಓದುಗರೊಬ್ಬರ ಪತ್ರ ಈ ವಾರ ನನ್ನನ್ನು ಬಿಡಲೇ ಇಲ್ಲ. ಉಳಿದ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದಕ್ಕೇ ಉತ್ತರ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಕೈಗೆ ಬರುವ ಸಂಬಳ 58,000. ಪಿಜಿಗೆ 14,000 ಹೋಗುತ್ತದೆ, ಊರಿಗೆ 10,000. ಎರಡು ವರ್ಷದಲ್ಲಿ ಮೂರು ಡಿಸೈನರ್ ಹ್ಯಾಂಡ್‌ಬ್ಯಾಗ್ ಬಂದಿವೆ: 22,000ದ್ದು, 34,000ದ್ದು, 48,000ದ್ದು. ಮೂರನ್ನೂ ದುಬೈನಲ್ಲಿರುವ ಅತ್ತಿಗೆ ತಂದುಕೊಟ್ಟಿದ್ದಾರೆ. ಇವರು ತಿಂಗಳಿಗೆ 8,000ದ ಹಾಗೆ ಅತ್ತಿಗೆಗೆ ತೀರಿಸುತ್ತಿದ್ದಾರೆ, ಇನ್ನೂ 26,000 ಬಾಕಿ ಇದೆ. ಈಗ ನಾಲ್ಕನೆಯದರ ಮಾತು ನಡೆದಿದೆ, ಅದು 72,000. ಬಟ್ಟೆ ಮಾತ್ರ ಆನ್‌ಲೈನ್ ಸೇಲ್‌ನಲ್ಲಿ, 499ರದ್ದು, 599ರದ್ದು. ಮೂರು ಸಲ ಒಗೆದರೆ ಬಣ್ಣ ಹೋಗುತ್ತದೆ, ಆರನೇ ಸಲಕ್ಕೆ ಆಕಾರವೇ ಹೋಗುತ್ತದೆ. ಅಮ್ಮ ಫೋನಿನಲ್ಲಿ ಬೈಯುತ್ತಾರೆ. ಕೊನೆಗೆ ಪ್ರಶ್ನೆ: "ಬಟ್ಟೆಗೆ ಎಷ್ಟು ಪರ್ಸೆಂಟ್, ಬ್ಯಾಗಿಗೆ ಎಷ್ಟು ಪರ್ಸೆಂಟ್ ಇಡಬೇಕು ಮೇಡಂ? ಅರ್ಧ ಅರ್ಧ ಸರೀನಾ?"

ಪರ್ಸೆಂಟ್ ಲೆಕ್ಕ ನಾನು ಹೇಳುವುದಿಲ್ಲ. ಯಾಕೆಂದರೆ ನಿಮ್ಮ ಪತ್ರದ ನಡುವೆ ಒಂದು ಸಾಲಿದೆ, ಅದನ್ನು ನೀವು ಬರೆದ ವೇಗದಲ್ಲೇ ದಾಟಿ ಹೋಗಿದ್ದೀರಿ. "ಹೋದ ತಿಂಗಳು ಕ್ಲೈಂಟ್ ಮೀಟಿಂಗ್ ದಿನ ಕುರ್ತಾ ಕಂಕುಳ ಹತ್ತಿರ ಹೊಲಿಗೆ ಬಿಟ್ಟುಕೊಂಡಿತ್ತು, ಬ್ಯಾಗನ್ನ ಹೆಗಲಿಗೆ ಹಾಕಿ ಒತ್ತಿ ಹಿಡ್ಕೊಂಡೇ ಕೂತಿದ್ದೆ, ಬೋರ್ಡ್ ಮೇಲೆ ಬರೆಯೋಕೆ ಎದ್ದೇಳಲಿಲ್ಲ, ಅದು ಬಿಡಿ."

ಅದನ್ನು ನಾನು ಹೇಗೆ ಬಿಡಲಿ? ಆ ಕೆಲಸದ ಪ್ಲಾನ್ ಪೂರ್ತಿ ನನ್ನದೇ ಅಂತ ಮೇಲಿನ ಪುಟದಲ್ಲಿ ಹೆಮ್ಮೆಯಿಂದ ಬರೆದಿದ್ದೀರಿ. ಎದ್ದು ನಿಂತು ವಿವರಿಸಬೇಕಾದವರು ನೀವು. ಬದಲಿಗೆ ಬೇರೆ ಯಾರೋ ಎದ್ದು ಬರೆದರು, ನಿಮ್ಮ ಮಾತನ್ನು ಅವರು ಹೇಳಿದರು, ಮ್ಯಾನೇಜರ್ ಕಣ್ಣಿಗೆ ಬಿದ್ದವರೂ ಅವರೇ. ನೀವು 48,000 ರೂಪಾಯಿಯ ಬ್ಯಾಗಿನಿಂದ 599 ರೂಪಾಯಿಯ ಕುರ್ತಾದ ಹರುಕು ಮುಚ್ಚಿಕೊಂಡು ಕೂತಿದ್ದಿರಿ. ಆ ದಿನ ನಿಮಗೆ ಆದ ಸಂಕಟ ಓದಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಹೊಲಿಗೆ ಯಾಕೆ ಬಿಟ್ಟಿತು ಅಂತ ನೋಡೋಣ. ಒಂದು ಕಾರಣ ಎಲ್ಲರಿಗೂ ಗೊತ್ತು. ಕಡಿಮೆ ಬೆಲೆಯ ರೆಡಿಮೇಡ್‌ನಲ್ಲಿ ಒಳಗೆ ಕಾಲು ಇಂಚೂ ಬಟ್ಟೆ ಬಿಟ್ಟಿರುವುದಿಲ್ಲ, ದೂರ ದೂರದ ಹೊಲಿಗೆ, ಅಂಚು ಬಿಚ್ಚದ ಹಾಗೆ ಮೇಲೊಂದು ಓವರ್‌ಲಾಕ್, ಅಷ್ಟೇ. ಇನ್ನೊಂದು ಕಾರಣ ನಿಮ್ಮ ಪತ್ರದಲ್ಲೇ ಇದೆ, ಬೇರೆ ಬೇರೆ ಜಾಗದಲ್ಲಿ. ಎರಡು ವರ್ಷದ ಹಿಂದೆ ಥೈರಾಯ್ಡ್ ಶುರುವಾಯಿತು, ಏಳೆಂಟು ಕೆಜಿ ಜಾಸ್ತಿ ಆಗಿದೆ ಅಂದಿದ್ದೀರಿ. ಟ್ರಯಲ್ ರೂಮಿಗೆ ಹೋಗುವುದನ್ನೇ ಬಿಟ್ಟಿದ್ದೀನಿ, ಆನ್‌ಲೈನ್‌ನಲ್ಲಿ ಮೊದಲಿನ ಹಾಗೇ 'ಎಂ' ಸೈಜ್ ಆರ್ಡರ್ ಮಾಡ್ತೀನಿ ಅಂದಿದ್ದೀರಿ. ಮೊದಲ ಬ್ಯಾಗ್ ಬಂದಿದ್ದು ಯಾವಾಗ? ಅದೂ ಎರಡು ವರ್ಷದ ಹಿಂದೆ.

ಇದು ದುಡ್ಡಿನ ಸಮಸ್ಯೆ ಅಂತ ನನಗೆ ಅನಿಸುವುದಿಲ್ಲ. ಬ್ಯಾಗಿಗೆ ಸೈಜ್ ಇಲ್ಲ. ಅದನ್ನು ಕೊಳ್ಳುವಾಗ ಕನ್ನಡಿ ಮುಂದೆ ಬಟ್ಟೆ ಬಿಚ್ಚಿ ನಿಲ್ಲಬೇಕಾಗಿಲ್ಲ, ಜಿಪ್ ಮೇಲೆ ಏರದೆ ಒದ್ದಾಡಬೇಕಾಗಿಲ್ಲ, ಹೊರಗೆ ನಿಂತ ಹುಡುಗಿ "ಇನ್ನೂ ದೊಡ್ಡದು ಕೊಡ್ಲಾ ಮೇಡಂ" ಅಂತ ಕೂಗುವುದಿಲ್ಲ. ಹೆಗಲಿಗೆ ಹಾಕಿದ ತಕ್ಷಣ ಚೆಂದ ಕಾಣುತ್ತದೆ. ಮೈ ಬದಲಾದ ಹೆಣ್ಣುಮಗಳಿಗೆ ಅದು ಎಷ್ಟು ದೊಡ್ಡ ಸಮಾಧಾನ ಅಂತ ನನಗೆ ಚೆನ್ನಾಗಿ ಗೊತ್ತು. ಹೆರಿಗೆ ಆದವರು, ಪಿಸಿಒಡಿ ಇರುವವರು, ಮಾತ್ರೆಗಳಿಂದ ಊದಿಕೊಂಡವರು ನನಗೆ ಬರೆಯುವ ಪತ್ರಗಳಲ್ಲಿ ಇದೇ ಮಾತು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಚಪ್ಪಲಿ ಕೊಳ್ಳುತ್ತಾರೆ, ಕಿವಿಯೋಲೆ ಕೊಳ್ಳುತ್ತಾರೆ, ಬ್ಯಾಗ್ ಕೊಳ್ಳುತ್ತಾರೆ. ಮೈಗೆ ಹಾಕುವ ಬಟ್ಟೆಯನ್ನು ಮಾತ್ರ "ಸ್ವಲ್ಪ ಸಣ್ಣ ಆದ ಮೇಲೆ ತಗೊಳ್ಳೋಣ" ಅಂತ ಮುಂದೆ ಹಾಕುತ್ತಾರೆ.

ಈಗ ನಿಮ್ಮ ಅತ್ತಿಗೆ ವಿಷಯಕ್ಕೆ ಬರುತ್ತೇನೆ. ನೀವು ಅವರನ್ನು ಹೊಗಳಿಯೇ ಬರೆದಿದ್ದೀರಿ. ಒಳ್ಳೆ ಟೇಸ್ಟ್ ಇದೆ, ನನ್ನ ಮೇಲೆ ತುಂಬಾ ಪ್ರೀತಿ ಅಂತ. ಆದರೆ ಅವರು ಹೇಳಿದ್ದು ಅಂತ ನೀವೇ ಬರೆದ ಮಾತು ಇದು: "ನಿನಗೆ ಈಗ ಯಾವ ಡ್ರೆಸ್ಸೂ ಒಪ್ಪಲ್ಲ ಬಿಡು, ಒಳ್ಳೆ ಬ್ಯಾಗ್ ಹಿಡ್ಕೋ, ಜನ ಅದನ್ನೇ ನೋಡ್ತಾರೆ."

ನನಗೆ ಆ ಅತ್ತಿಗೆ ಮೇಲೆ ತುಂಬಾ ಸಿಟ್ಟು ಬಂದಿದೆ. ಕಾಯಿಲೆಯಿಂದ ಮೈ ಬಂದಿರುವ ನಾದಿನಿಗೆ ಯಾವ ಬಟ್ಟೆಯೂ ಒಪ್ಪುವುದಿಲ್ಲ ಅಂತ ತೀರ್ಪು ಕೊಟ್ಟು, ಅದರ ಬೆನ್ನಿಗೇ ಸಾಲದ ಮೇಲೆ ಬ್ಯಾಗ್ ತಂದುಕೊಡುವುದು ಪ್ರೀತಿ ಅಲ್ಲ. ಅವರು ಕೆಟ್ಟವರು ಅನ್ನುತ್ತಿಲ್ಲ. ಆದರೆ ಆ ಒಂದು ಮಾತಿಗೆ ನೀವು ಈವರೆಗೆ 1,04,000 ರೂಪಾಯಿಯ ಬೆಲೆ ಕಟ್ಟಿದ್ದೀರಿ. ಮನೆಯೊಳಗಿನ ಸಾಲಕ್ಕೆ ಬಡ್ಡಿ ಇಲ್ಲ ಅಂತ ನೀವು ಖುಷಿಪಟ್ಟಿದ್ದೀರಿ. ಬಡ್ಡಿ ಇಲ್ಲದಿರಬಹುದು, ಬೇಡ ಅನ್ನುವ ಧೈರ್ಯವೂ ಇಲ್ಲವಾಗಿದೆ. ಪ್ರತಿ ಸಲ ಅವರೇ ಫೋಟೊ ಕಳಿಸುತ್ತಾರೆ, ನೀವು ಹೂಂ ಅನ್ನುತ್ತೀರಿ. ನಾಲ್ಕನೆಯದನ್ನೂ ಆರಿಸಿದ್ದು ಅವರೇ ಅಲ್ವಾ?

ಬ್ಯಾಗ್ ಇನ್ವೆಸ್ಟ್‌ಮೆಂಟ್ ಇದ್ದ ಹಾಗೆ ಅಂತಲೂ ಅವರು ಹೇಳಿದ್ದಾರಂತೆ. ಈ ಮಾತು ಹುಟ್ಟಿದ್ದು ಬೇರೆಯದೇ ಬ್ಯಾಗುಗಳಿಂದ. ಹರ್ಮೆಸ್ ಕಂಪನಿ ನಟಿ ಜೇನ್ ಬರ್ಕಿನ್‌ಗಾಗಿ 1984ರಲ್ಲಿ ಮಾಡಿದ ಮೊಟ್ಟಮೊದಲ ಬರ್ಕಿನ್ ಬ್ಯಾಗ್ 2025ರ ಜುಲೈನಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ 86 ಲಕ್ಷ ಯೂರೋಗೆ ಹೋಯಿತು. ಅದು ಆಕೆ ವರ್ಷಗಟ್ಟಲೆ ಹೆಗಲಿಗೆ ಹಾಕಿಕೊಂಡು ಓಡಾಡಿದ ಬ್ಯಾಗ್, ಅದಕ್ಕೇ ಆ ಬೆಲೆ. ಮಾಲ್‌ನಲ್ಲಿ ಸಾಲಾಗಿ ಇಟ್ಟು ಮಾರುವ, ವರ್ಷಕ್ಕೆ ಎರಡು ಸಲ ಡಿಸ್ಕೌಂಟ್ ಬರುವ ಬ್ಯಾಗನ್ನು ನೀವು ನಾಳೆ ಸೆಕೆಂಡ್‌ಹ್ಯಾಂಡ್ ಮಾರಲು ಹೋದರೆ ಕೊಟ್ಟ ಬೆಲೆ ವಾಪಸ್ ಬರುವುದಿಲ್ಲ. ನಂಬಿಕೆ ಬರದಿದ್ದರೆ ನಿಮ್ಮ 22,000ದ ಬ್ಯಾಗಿನ ಫೋಟೊ ಹಾಕಿ ಯಾರು ಎಷ್ಟಕ್ಕೆ ಕೇಳುತ್ತಾರೆ ನೋಡಿ.

ಬೆಲೆಯಲ್ಲಿ ಬ್ಯಾಗ್ ಎಷ್ಟು, ಹೆಸರು ಎಷ್ಟು ಅನ್ನುವುದೂ ಗೊತ್ತಿರಬೇಕು. 2024ರ ಜೂನ್‌ನಲ್ಲಿ ಇಟಲಿಯ ಮಿಲಾನ್ ಕೋರ್ಟ್ ಡಿಯೊರ್‌ನ ಬ್ಯಾಗ್ ತಯಾರಿಸುವ ಕಂಪನಿಯೊಂದನ್ನು ನ್ಯಾಯಾಲಯದ ಉಸ್ತುವಾರಿಗೆ ಒಪ್ಪಿಸಿತು. ಅಂಗಡಿಯಲ್ಲಿ 2,600 ಯೂರೋಗೆ ಮಾರುವ ಒಂದು ಬ್ಯಾಗನ್ನು ಜೋಡಿಸಿ ಕೊಡಲು ಗುತ್ತಿಗೆದಾರನಿಗೆ ಸಿಗುತ್ತಿದ್ದದ್ದು 53 ಯೂರೋ ಅಂತ ಆ ತನಿಖೆಯಲ್ಲಿ ಹೊರಬಂತು. ಚರ್ಮದ ಖರ್ಚು ಬೇರೆ, ನಿಜ. ಆದರೂ ಅಂತರ ನೋಡಿ. ಲೂಯಿ ವಿಟಾನ್‌ನ ಅಕ್ಷರಗಳಿರುವ ಕಂದು ಬ್ಯಾಗನ್ನು ಎಷ್ಟೋ ಜನ ಚರ್ಮದ್ದು ಅಂದುಕೊಂಡಿದ್ದಾರೆ. 1896ರಲ್ಲಿ ಶುರುವಾದ ಆ ಡಿಸೈನ್ ಇರುವುದು ಲೇಪ ಹಚ್ಚಿದ ಕ್ಯಾನ್ವಾಸ್ ಬಟ್ಟೆ ಮೇಲೆ. ಅದು ಗಟ್ಟಿ, ಬಾಳಿಕೆಯೂ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಕೊಳ್ಳುವವರಿಗೆ ತಾವು ಏನನ್ನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿರಲಿ, ಅಷ್ಟೇ.

ಬ್ಯಾಗ್ ಇಷ್ಟಪಡುವುದು ತಪ್ಪು ಅಂತ ನಾನು ಯಾವತ್ತೂ ಬರೆದಿಲ್ಲ, ಇನ್ನು ಮುಂದೆಯೂ ಬರೆಯುವುದಿಲ್ಲ. ದುಡಿಯುವ ಹೆಣ್ಣಿಗೆ ಒಂದು ಒಳ್ಳೆಯ ಬ್ಯಾಗ್ ಬೇಕು. ನೀವು ಮಾತ್ರ ಮೂರರಲ್ಲಿ ಎರಡನ್ನು ಕವರ್ ಹಾಕಿ ಪಿಜಿಯ ಬೀರುವಿನಲ್ಲಿ ಇಟ್ಟಿದ್ದೀರಿ, ಮಳೆ ಬಂದರೆ ಹಾಳಾಗುತ್ತದೆ ಅಂತ. ಮುಚ್ಚಿಟ್ಟ ಚರ್ಮವೇ ಬೇಗ ಹಾಳಾಗುವುದು. ಮಂಗಳೂರಿನವರನ್ನೋ ತೀರ್ಥಹಳ್ಳಿಯವರನ್ನೋ ಕೇಳಿ, ಒಂದು ಮಳೆಗಾಲ ಗಾಳಿ ಆಡದೆ ಇಟ್ಟರೆ ಬೂಷ್ಟು ಹಿಡಿದಿರುತ್ತದೆ. ಪಿಯು, ಅಂದರೆ ಕೃತಕ ಚರ್ಮ ಆಗಿದ್ದರಂತೂ ಸುಮ್ನೆ ಇಟ್ಟಲ್ಲೇ ಸಿಪ್ಪೆ ಏಳುತ್ತದೆ, ತೇವಕ್ಕೆ ಅದರ ಮೇಲ್ಪದರ ತಡೆಯುವುದಿಲ್ಲ. ಹೊರಗೆ ತೆಗೆದು ದಿನಾ ಬಳಸಿ. ಟಿಫನ್ ಡಬ್ಬಿ ಹಾಕಿಕೊಳ್ಳಿ, ಛತ್ರಿ ಹಾಕಿಕೊಳ್ಳಿ.

ಬಟ್ಟೆ ವಿಷಯಕ್ಕೆ ಬಂದರೆ, ದಾವಣಗೆರೆಯವರಿಗೆ ಹತ್ತಿ ಬಗ್ಗೆ ನಾನು ಹೇಳಬೇಕಾ? ಒಂದು ಕಾಲದಲ್ಲಿ ಗಿರಣಿಗಳ ಸದ್ದಿಗೇ ಊರು ಏಳುತ್ತಿತ್ತು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ನಿಮ್ಮ ಅಮ್ಮ ಬೈಯುವುದು ಆ ಕಣ್ಣಿನಿಂದ. ಅವರು ಬಟ್ಟೆಯನ್ನು ಮುಟ್ಟಿ ನೋಡಿ ಬೆಳೆದವರು, ನೀವು ಫೋನಿನ ಪರದೆಯಲ್ಲಿ ನೋಡಿ ಕೊಳ್ಳುತ್ತಿದ್ದೀರಿ. ಬೈಗುಳದ ಧಾಟಿ ನನಗೂ ಇಷ್ಟವಾಗಲಿಲ್ಲ, ಆದರೆ ವಿಷಯದಲ್ಲಿ ಅಮ್ಮ ಸರಿ.

ನನ್ನ ಅಂಕಣ ಓದುವವರಿಗೆ ಗೊತ್ತು, ಟೈಲರ್ ವಿಷಯ ಬಂದರೆ ನಾನು ಬೇಗ ನಿಲ್ಲಿಸುವುದಿಲ್ಲ. ಸಂಬಳದಲ್ಲಿ ಬದುಕುವ ಹೆಂಗಸಿಗೆ ಒಬ್ಬ ಒಳ್ಳೆಯ ಟೈಲರ್ ಯಾವ ಬ್ರ್ಯಾಂಡ್‌ಗಿಂತಲೂ ದೊಡ್ಡ ಆಸ್ತಿ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಮೀಟರಿಗೆ 400 ರೂಪಾಯಿ ಆಸುಪಾಸಿನ ಒಳ್ಳೆಯ ಕಾಟನ್ ಎರಡೂವರೆ ಮೀಟರ್ ತಗೊಂಡರೆ 1,000. ಹೊಲಿಗೆ, ಲೈನಿಂಗ್ ಎಲ್ಲ ಸೇರಿ ಇನ್ನೊಂದು 1,000 ಅಂತಿಟ್ಟುಕೊಳ್ಳಿ. ಒಂದು ಕುರ್ತಾಕ್ಕೆ 2,000. ಆಫೀಸಿಗೆ ನಿಮಗೆ ಬೇಕಾಗಿರುವುದು ಆರು, ಅಂದರೆ 12,000. ಆ ನಾಲ್ಕನೇ ಬ್ಯಾಗಿನ ದುಡ್ಡಿನಲ್ಲಿ ಇಂಥ 36 ಕುರ್ತಾ ಆಗುತ್ತವೆ. ಸಾಗರದ ಹತ್ತಿರ ಭೀಮನಕೋಣೆಯಲ್ಲಿ ಚರಕ ಸಂಘದ ಹೆಣ್ಣುಮಕ್ಕಳು ನೈಸರ್ಗಿಕ ಬಣ್ಣ ಹಾಕಿ ತಯಾರಿಸುವ ಕೈಮಗ್ಗದ ಬಟ್ಟೆ ನೋಡಿ, ಗುಳೇದಗುಡ್ಡದ ಖಣ ನೋಡಿ. ಖಣದಲ್ಲಿ ರವಿಕೆ ಮಾತ್ರ ಅಲ್ಲ, ಕುರ್ತಾವನ್ನೂ ಈಗ ಹೊಲಿಸುತ್ತಾರೆ, ಅದರ ಮುಂದೆ ಯಾವ ಬ್ಯಾಗೂ ಎದ್ದು ಕಾಣುವುದಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಜಾಳಾಗಿದ್ದರೆ ಬೇಡ. ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಮೂಲೆಯಲ್ಲಿ ಉಜ್ಜಿ, ಬಣ್ಣ ಬಿಡುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಹೊಲಿಯಲು ಕೊಡುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿಕೊಡಿ, ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ರೆಡಿಮೇಡೇ ತಗೊಳ್ಳುವುದಾದರೆ ಮೊದಲು ಒಳಮೈ ತಿರುಗಿಸಿ ನೋಡಿ. ಹೊಲಿಗೆಯ ಎರಡೂ ಬದಿ ಹಿಡಿದು ಮೆಲ್ಲಗೆ ಎಳೆಯಿರಿ. ನಡುವೆ ಬೆಳಕು ಕಂಡರೆ ಅಲ್ಲೇ ಬಿಟ್ಟು ಬನ್ನಿ, ಬೆಲೆ ಎಷ್ಟೇ ಇರಲಿ.

ಇದೆಲ್ಲ ಆಮೇಲೆ. ನೀವು ಈಗ ಮಾಡಬೇಕಾದ್ದು ಒಂದೇ ಕೆಲಸ. ಈ ಶನಿವಾರ ಒಬ್ಬ ಟೈಲರ್ ಹತ್ತಿರ ಹೋಗಿ ಅಳತೆ ಕೊಡಿ. ಹಳೆಯ ಕುರ್ತಾ ಕೊಟ್ಟು "ಇದರ ಅಳತೆಗೆ ಹೊಲೀರಿ" ಅನ್ನಬೇಡಿ. ಟೇಪ್ ಹಿಡಿದು ಇವತ್ತಿನ ಮೈಯನ್ನು ಅಳೆಯಲಿ. ಹೆಂಗಸರೇ ಹೊಲಿಯುವ ಅಂಗಡಿ ಹುಡುಕಿ, ಸಂಕೋಚ ಕಡಿಮೆ ಆಗುತ್ತದೆ. ಅವರು ಬರೆದುಕೊಳ್ಳುವ ಸಂಖ್ಯೆ ನೋಡಿ ಬೇಜಾರಾಗಬಹುದು. ಆಗಲಿ. ಅದು ಪುಸ್ತಕದಲ್ಲಿ ಬರೆದ ಒಂದು ಅಳತೆ, ನಿಮ್ಮ ಬಗ್ಗೆ ಅತ್ತಿಗೆ ಕೊಟ್ಟ ತೀರ್ಪಲ್ಲ. ಎರಡು ಬದಿಗೂ ಒಳಗೆ ಒಂದೊಂದು ಇಂಚು ಬಟ್ಟೆ ಬಿಡಲು ಹೇಳಿ. ಥೈರಾಯ್ಡ್ ಮಾತ್ರೆ ಸರಿಹೋಗಿ ನೀವು ಸಣ್ಣ ಆದರೆ ಹಿಡಿಸಬಹುದು, ಇನ್ನೂ ದಪ್ಪ ಆದರೆ ಬಿಡಿಸಬಹುದು. ಕಂಕುಳಲ್ಲಿ ಚೌಕದ ಒಂದು ಸಣ್ಣ ತುಂಡು ಸೇರಿಸಿ ಹೊಲಿಯಲು ಕೇಳಿ. ಹಳೆಯ ಕಾಲದ ಜುಬ್ಬಾಗಳಲ್ಲಿ ಅದು ಇದ್ದೇ ಇರುತ್ತಿತ್ತು, ಅದರಿಂದಲೇ ಕೈ ಸಲೀಸಾಗಿ ಆಡುತ್ತದೆ. ಮೊದಲು ಒಂದೇ ಹೊಲಿಸಿ. ಅದು ಮೈಗೆ ಕೂತರೆ ಉಳಿದ ಐದು ಕೊಡಿ.

ಆರೂ ಕುರ್ತಾ ಬೀರುವಿಗೆ ಬಂದ ಮೇಲೂ, ಅತ್ತಿಗೆಯ ಬಾಕಿ ಪೂರ್ತಿ ತೀರಿದ ಮೇಲೂ ಆ ಬ್ಯಾಗ್ ಬೇಕು ಅಂತ ನಿಮಗೇ ಅನಿಸಿದರೆ, ನಿಮ್ಮದೇ ದುಡ್ಡು ಕೂಡಿಸಿ, ನೀವೇ ಅಂಗಡಿಗೆ ಹೋಗಿ, ನೀವೇ ಆರಿಸಿ ತಗೊಳ್ಳಿ. ನಾನು ಬೇಡ ಅನ್ನುವುದಿಲ್ಲ.

ಅತ್ತಿಗೆ ಮುಂದಿನ ತಿಂಗಳು ಊರಿಗೆ ಬರುತ್ತಾರೆ, ಅಷ್ಟರೊಳಗೆ ತಗೊಂಡುಬಿಡುತ್ತಾರೆ ಅಂತ ಬರೆದಿದ್ದೀರಿ. ಹಾಗಾದರೆ ಇವತ್ತೇ ಹೇಳಬೇಕು. ವಾಟ್ಸ್ಆ್ಯಪ್‌ನಲ್ಲಿ ಬೇಡ, ಫೋನ್ ಮಾಡಿ. "ಅತ್ತಿಗೆ, ಈ ಸಲ ಬ್ಯಾಗ್ ತರಬೇಡಿ. ಉಳಿದ 26,000 ಮೊದಲಿನ ಹಾಗೇ ತಿಂಗಳು ತಿಂಗಳು ಕೊಡ್ತೀನಿ." ಅಷ್ಟು ಹೇಳಿ, ಕಾರಣ ಕೊಡಬೇಡಿ. ಅವರು ಬೇಜಾರು ಮಾಡಿಕೊಂಡರೆ ಅಣ್ಣ ಸಮಾಧಾನ ಮಾಡಲಿ, ಅದು ನಿಮ್ಮ ಕೆಲಸ ಅಲ್ಲ. ಬರುವಾಗ ಏನಾದರೂ ತರಲೇಬೇಕು ಅಂತ ಅವರು ಹಟ ಹಿಡಿದರೆ ಖರ್ಜೂರ ತರಲು ಹೇಳಿ.